ಆರು ಕ್ಲಿಕ್ ಮೇಲಕ್ಕೆ

ಆಗಸ್ಟ್ 9, ಶುಕ್ರವಾರ. ಬೆಳಿಗ್ಗೆ 7.

ಇನ್ನೂರ ನಲವತ್ತು ಗುಂಡು ತೂಗಿದ್ದಾಯಿತು. ಅಕ್ಕಸಾಲಿಗನ ತಕ್ಕಡಿ, ಉಸಿರು ತಾಗಿದರೂ ಅಂಕಿ ಅಲುಗುತ್ತದೆ. ಫ್ಯಾನ್ ಹಾಕುವಂತಿಲ್ಲ. 0.53 ಗ್ರಾಂ ಇದ್ದವು ಬಿಳಿ ಡಬ್ಬಿಗೆ, 0.52 ನೀಲಿಗೆ. ಅಂಚು ನಗ್ಗಿದ ಹದಿನೇಳು, ಕಸಕ್ಕೆ. ಹೊರದೇಶದ ಸ್ಪರ್ಧಿಗಳು ಮದ್ದು ಅಳೆದು ತೋಟಾಗಳನ್ನು ತಾವೇ ತುಂಬಿಕೊಳ್ಳುತ್ತಾರಂತೆ. ನಮ್ಮದು ಏರ್ ಪಿಸ್ತೂಲು. ಮದ್ದಿಲ್ಲ, ಗಾಳಿ ಮತ್ತು ಸೀಸ. ತೂಗುವುದೊಂದೇ ನಮಗೆ ಉಳಿದದ್ದು.

ಮನೆಯವಳು, ವಿಜಯಶ್ರೀ, ಚಹಾ ಇಟ್ಟು ನಿಂತಳು. "ಸಾಸ್ವಿ ಎಣಸಾಕತ್ತೀರೇನ್ರಿ?" ಉತ್ತರಿಸಿದರೆ ಎಣಿಕೆ ತಪ್ಪುತ್ತದೆ.

ಹದಿನೆಂಟರಂದು ಕಲಬುರಗಿಯಲ್ಲಿ ಚಂದ್ರಕಲಾಗೆ ವಲಯದ ಆಯ್ಕೆ. ಅರವತ್ತು ಗುಂಡು. ಆರುನೂರಕ್ಕೆ ಐನೂರ ನಲವತ್ತೈದು ಬೇಕು. ಇಲ್ಲಿ, ಗೆಳೆಯ ಪಂಪಾಪತಿಯ ರೈಸ್‌ಮಿಲ್ಲಿನ ಹಳೆಯ ಗೋದಾಮಿನಲ್ಲಿ, ಒಂದು ತಿಂಗಳಿಂದ ಐನೂರ ಐವತ್ತಕ್ಕೆ ಕಡಿಮೆ ಹೊಡೆದಿಲ್ಲ. ದೇವದುರ್ಗದಲ್ಲಿ ನನ್ನ ತರಗತಿಯಲ್ಲಿ ಕೂತಿದ್ದ ಕುರಿಗಾರರ ಮಗಳು. ಈಗ ಮಾನ್ವಿಯ ಶಾಲೆಯೊಂದರಲ್ಲಿ ಪಿ.ಟಿ. ಟೀಚರ್. ಪ್ರತಿ ಭಾನುವಾರ ಬಸ್ಸು ಹಿಡಿದು ಬರುತ್ತಾಳೆ. ತಡವಾದ ದಿನ ಒಂದೂ ಇಲ್ಲ.

ಆಗಸ್ಟ್ 16, ಶುಕ್ರವಾರ. ಸಂಜೆ.

ಕಲಬುರಗಿಗೆ ನಾನು ಹೋಗುವಂತಿಲ್ಲ. ಜೂನಿನಲ್ಲಿ ಪೊರೆ ತೆಗೆಸಿದ ಬಲಗಣ್ಣು. ಡಾಕ್ಟರು ದೂರದ ಪ್ರಯಾಣ ಬೇಡವೆಂದಿದ್ದಾರೆ. ಆದರೆ ಪರೀಕ್ಷಿಸದೆ ಪಿಸ್ತೂಲು ಕಳಿಸುವುದು ನನ್ನ ಪದ್ಧತಿಯಲ್ಲ.

ಹತ್ತು ಮೀಟರು, ಹತ್ತು ಗುಂಡು. ಹತ್ತೂ ನಡುವಿನಿಂದ ಅರ್ಧ ಬೆರಳು ಕೆಳಗೆ. ತೂತುಗಳ ಗುಂಪು ಸಣ್ಣದು, ಎಂದರೆ ನನ್ನ ಕೈ ಸರಿ, ಗುರಿ ಹಿಡಿಯುವ ಸೈಟ್ ಇಳಿದಿದೆ. ಹುಡುಗಿ ಗಮನಿಸಿಲ್ಲ. ಹಿಂದಿನ ಸೈಟಿನ ತಿರುಪು ಆರು ಕ್ಲಿಕ್ ಮೇಲಕ್ಕೆ. ಮತ್ತೆ ಹತ್ತು. ನಡುವಿಗೇ ಬಂದವು.

ದಾಖಲೆ: ಆರು ಕ್ಲಿಕ್ ಮೇಲಕ್ಕೆ. ಸಹಿ.

ಆಗಸ್ಟ್ 17, ಶನಿವಾರ. ಬೆಳಿಗ್ಗೆ 9.

ಬಸ್ ನಿಲ್ದಾಣದಲ್ಲಿ ಚಂದ್ರಕಲಾಗೆ ಪಿಸ್ತೂಲಿನ ಪೆಟ್ಟಿಗೆ ಒಪ್ಪಿಸಿದೆ. "ಸೈಟ್ ಕೂಡಿಸಿದ್ದೇನೆ. ತಿರುಪು ಮುಟ್ಟಬಾರದು. ಗುಂಡು ಎಲ್ಲಿ ಬಿದ್ದರೂ ತಪ್ಪು ಕೈಯದು. ಕೈಯನ್ನು ತಿದ್ದಿಕೋ."

"ಮೊದಲಿನ ಪ್ರಾಕ್ಟೀಸ್ ಗುಂಡಿನಾಗೂ ಮುಟ್ಟಬಾರದೇನ್ರಿ ಸರ್?"

"ಆಗಲೂ."

"ಹಂಗ ಆಗ್ಲಿ ರೀ."

ಆಗಸ್ಟ್ 18, ಭಾನುವಾರ. ಮಧ್ಯಾಹ್ನ 3.

ಫೋನು. "ಐನೂರಾ ಹನ್ನೊಂದು ರೀ ಸರ್." ಹಿಂದೆ ಬಸ್ಸಿನ ಸದ್ದು.

"ಏಕಾಗ್ರತೆ ಸಾಲದು" ಎಂದೆ. ಅಂದದ್ದನ್ನು ಇಲ್ಲಿ ಬರೆದಿಡುತ್ತೇನೆ.

ಆಗಸ್ಟ್ 24, ಶನಿವಾರ.

ಆರು ದಿನ ಏನೂ ಬರೆಯಲಿಲ್ಲ. ಗುಂಡು ತೂಗಲಿಲ್ಲ.

ಚಂದ್ರಕಲಾ ಬಂದಿದ್ದಳು. ಪೆಟ್ಟಿಗೆಯನ್ನು ಮೇಜಿನ ಮೇಲೆ ಇಟ್ಟಳು; ಕೂರಲಿಲ್ಲ.

"ನನ್ ಕೈ ಇದಕ್ಕ ಹುಟ್ಟಿದ್ದಲ್ರಿ ಸರ್. ಅಲ್ಲಿ ಎಷ್ಟ ತಿದ್ದಿದ್ರೂ ಮ್ಯಾಲಕ್ಕ ಮ್ಯಾಲಕ್ಕ ಹೋಗ್ತಿತ್ತು. ಕುರಿ ಕಾಯೋ ಕೈ, ಕೋಲ ಹಿಡದ್ರ ಸಾಕು ಅಂತಾಳ ನಮ್ಮವ್ವ."

"ಚಹಾ ಕುಡಿ."

"ಬ್ಯಾಡ್ರಿ. ಇನ್ ಬೇರೆಯವರಿಗೆ ಕಲಸ್ರಿ."

ವಿಜಯಶ್ರೀ ಬಾಗಿಲವರೆಗೆ ಹೋದಳು. ನಾನು ಹೋಗಲಿಲ್ಲ. 'ಮ್ಯಾಲಕ್ಕ' ಎಂಬ ಮಾತಿಗೆ ಕಿವಿ ಸಿಕ್ಕಿಕೊಂಡಿತ್ತು.

ಆಗಸ್ಟ್ 25, ಭಾನುವಾರ. ಬೆಳಿಗ್ಗೆ 11.

ಪೆಟ್ಟಿಗೆಯ ತಳದಲ್ಲಿ ಅವಳ ಗುರಿಹಾಳೆಗಳು. ಒಂದೊಂದಾಗಿ ಹರವಿದೆ. ಚದುರಿಲ್ಲ. ಎಂಟಾಣೆಯಿಂದ ಮುಚ್ಚುವಂಥ ಗುಂಪುಗಳು. ಎಲ್ಲವೂ ನಡುವಿನಿಂದ ಅರ್ಧ ಬೆರಳು ಮೇಲೆ. ಕೊನೆಯ ಎರಡು ಹಾಳೆಗಳಲ್ಲಿ ಮಾತ್ರ ಚದುರಿವೆ. ಕೈ ತಿದ್ದಿಕೊಳ್ಳಲು ಹೋಗಿದ್ದಾಳೆ. ನಾನು ಹೇಳಿದಂತೆ.

ಪಂಪಾಪತಿಯನ್ನು ಮಿಲ್ಲಿನಿಂದ ಕರೆದು ಐದು ಗುಂಡು ಹೊಡೆಸಿದೆ. ಅವನ ಕಣ್ಣಿಗೆ ದೋಷವಿಲ್ಲ. ಐದೂ ಮೇಲೆ.

"ಏನೋ ಮಾಸ್ತರ, ನನಗ್ಯಾಕ ಈ ಪರೀಕ್ಷಾ?"

ವಿವರಿಸಿದೆ. ಗುರಿಹಾಳೆಯ ಕಪ್ಪು ವೃತ್ತದ ಕೆಳಗೆ ಒಂದಿಷ್ಟು ಬಿಳಿ ಬಿಟ್ಟು ಸೈಟ್ ನಿಲ್ಲಿಸಬೇಕು. ಎಷ್ಟು ಬಿಳಿ ಎಂಬುದು ಅವರವರ ಕಣ್ಣಿನದು. ಅವಳದು ಕೂದಲೆಳೆ. ಪೊರೆ ತೆಗೆಸಿದ ನನ್ನ ಕಣ್ಣಿಗೆ ಕಪ್ಪಿನ ಅಂಚು ಹಿಗ್ಗಿ ಕಾಣುತ್ತದೆ. ತಿಳಿಯದೆ ಹೆಚ್ಚು ಬಿಳಿ ಬಿಟ್ಟಿದ್ದೇನೆ. ಸೈಟ್ ಇಳಿದಿರಲೇ ಇಲ್ಲ.

ಪಂಪಾಪತಿ ತೌಡು ಮೆತ್ತಿದ ಕೈ ಝಾಡಿಸಿದ. "ಅಂದ್ರ ನಿನ್ ಚಷ್ಮಾ ಆಕಿಗೆ ಹಾಕಿ ಪರೀಕ್ಷಾಕ್ಕ ಕೂಡಿಸಿದಿ. ತಗೀಬ್ಯಾಡ ಅಂತ ತಾಕೀತು ಬ್ಯಾರೆ!"

ನಕ್ಕ. ನಾನು ನಗಲಿಲ್ಲ. ಅವನೂ ಆಮೇಲೆ ನಿಲ್ಲಿಸಿದ.

ಆಗಸ್ಟ್ 29, ಗುರುವಾರ.

ಮೂರು ಪತ್ರ ಬರೆದೆ, ಮೂರನ್ನೂ ಹರಿದೆ. ಮೊದಲನೆಯದರಲ್ಲಿ 'ತಾಂತ್ರಿಕ ದೋಷ' ಎಂದಿತ್ತು. ಎರಡನೆಯದರಲ್ಲಿ 'ನಮ್ಮಿಂದಾದ ಲೋಪ'. 'ನಮ್ಮಿಂದ' ಎಂದರೆ ಯಾರಿಂದ? ಮೂರನೆಯದು ವ್ಯಾಕರಣದಲ್ಲಿ ನಿರ್ದುಷ್ಟವಾಗಿತ್ತು. ಓದಿದರೆ ಯಾರೂ ಏನೂ ಮಾಡಿಲ್ಲವೆನಿಸುತ್ತಿತ್ತು.

ಚೂರುಗಳನ್ನು ಗುಡಿಸುತ್ತ ವಿಜಯಶ್ರೀ ಅಂದಳು: "ಮೂವತ್ತಾರು ವರ್ಷ ಮಂದಿ ತಪ್ಪಿಗೆ ಕೆಂಪು ಗೆರಿ ಎಳದೀರಿ. ನಿಮ್ದೊಂದು ಬಂತಂದ್ರ ಟಪಾಲಿನ್ಯಾಗ ಕಳಸ್ತೀರೇನು? ಬಸ್ಸಿಲ್ಲೇನ್ರಿ ಮಾನ್ವಿಗೆ?"

ದಣಿವು. ಕಣ್ಣಿಗೆ ಹನಿ ಹಾಕಿಕೊಂಡು ಮಲಗಿದೆ.

ಆಗಸ್ಟ್ 30, ಶುಕ್ರವಾರ. ಮಾನ್ವಿಯಿಂದ ಮರಳಿ ಬಂದು.

ಶಾಲೆಯ ಮೈದಾನದ ಬೇವಿನ ಕೆಳಗೆ ಹೇಳಿದೆ. ನಿಂತೇ ಹೇಳಿದೆ. "ತಿರುಪು ತಿರುಗಿಸಿದ್ದು ನಾನು. ನನ್ನ ಕಣ್ಣಿಗೆ ಕೂಡಿಸಿದೆ. ನಿನ್ನ ಕೈ ಸರಿಯಾಗಿತ್ತು." ಹಾಳೆಗಳನ್ನು ತೋರಿಸಿದೆ. ದಿನಚರಿಯ ಹದಿನಾರನೆಯ ತಾರೀಖನ್ನೂ ತೋರಿಸಿದೆ.

ಬಹಳ ಹೊತ್ತು ಓದಿದಳು. ಕೊರಳಲ್ಲಿದ್ದ ಸೀಟಿಯನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಸುತ್ತಿ…

"ಐನೂರಾ ಹನ್ನೊಂದರ ಮುಂದ ನನ್ ಹೆಸರದ ರೀ ಸರ್. ಗ್ವಾಡಿಗೆ ಹಚ್ಚಿದ್ರು. ಎಲ್ಲಾರೂ ಓದಿದ್ರು. ನಿಮ್ ಹೆಸರ ಇಲ್ರಿ ಅಲ್ಲಿ."

"ಇಲ್ಲ."

"ಪ್ರಾಕ್ಟೀಸಿನಾಗ ನಂಗ ಗೊತ್ತಾಗಿತ್ರಿ. ಎರಡ ಸಲ ತಿರುಪಿಗೆ ಕೈ ಹಚ್ಚಿದ್ದೆ. ಸರ್ ಅಂದಾರಲ್ಲ ಅಂತ ಬಿಟ್ಟೆ."

ಗಂಟೆ ಹೊಡೆಯಿತು. ಹೋದಳು. ಕ್ಷಮಿಸಿದ್ದೇನೆ ಎನ್ನಲಿಲ್ಲ, ಬರುತ್ತೇನೆ ಎನ್ನಲಿಲ್ಲ. ನವೆಂಬರಿನಲ್ಲಿ ಇನ್ನೊಂದು ಆಯ್ಕೆ ಇದೆ ಎಂದು ಹೇಳಲು ನನಗೂ ಬಾಯಿ ಬರಲಿಲ್ಲ.

ಸೆಪ್ಟೆಂಬರ್ 1, ಭಾನುವಾರ. ಬೆಳಿಗ್ಗೆ, ಗೋದಾಮಿನಲ್ಲಿಯೇ.

ಎಂಟಕ್ಕೆ ಬಾಗಿಲು ತೆರೆದೆ. ಅಭ್ಯಾಸ, ಅಷ್ಟೇ. ಎಂಟೂವರೆ. ಒಂಬತ್ತು. ತಡವಾಗಿ ಬರುವವಳಲ್ಲ.

ಒಂಬತ್ತು ಇಪ್ಪತ್ತಕ್ಕೆ ಬಂದಳು. ಪೆಟ್ಟಿಗೆ ತೆರೆದು, ಸ್ಕ್ರೂಡ್ರೈವರಿಗೆ ಕೈ ಚಾಚಿದೆ.

"ಮುಟ್ಟಬ್ಯಾಡ್ರಿ ಸರ್."

ಹಿಂದೆ ಸರಿದು ಬೆಂಚಿನ ಮೇಲೆ ಕೂತೆ. ಈಗ ಇಲ್ಲಿಂದಲೇ ಬರೆಯುತ್ತಿದ್ದೇನೆ. ಐದು ಗುಂಡು ಹೊಡೆದಳು, ಹಾಳೆ ನೋಡಿದಳು, ತಿರುಪಿಗೆ ಬಾಗಿದಳು. ಸದ್ದು ಕೇಳುತ್ತದೆ. ಒಂದು. ಎರಡು. ಮೂರು. ನಾಲ್ಕು. ಐದು. ನಿಲ್ಲಿಸಿದಳು.

"ಆರು," ಎಂದೆ. "ಆರು ಬರೆದಿದ್ದೇನೆ."

"ಐದ ಸಾಕ್ರಿ. ನನ್ ಕಣ್ಣಿಗೆ ಐದ." ತಿರುಗಿ ನೋಡದೆ ಕೇಳಿದಳು: "ಗುಂಡು ತೂಗೀರೇನ್ರಿ? ಎಷ್ಟವ?"

ಬಿಳಿ ಡಬ್ಬಿಯಲ್ಲಿ ಅರವತ್ತೂ ಇಲ್ಲ. ಮೂರು ವಾರದಿಂದ ತೂಗಿಲ್ಲ ಎಂದು ಹೇಳಬೇಕು. ಮೊದಲು ಈ ದಾಖಲೆಯನ್ನು ಸರಿಪಡಿಸುತ್ತೇನೆ—

ದಾಖಲೆ: ಐದು ಕ್ಲಿಕ್ ಕೆಳಕ್ಕೆ. ಸಹಿ ಅವಳದು. ಕರೆಯುತ್ತಿದ್ದಾಳೆ.