ಜ್ವರವಿಲ್ಲದ ಬಂದರು

ಪೂಜ್ಯ ಮಾವನವರಿಗೆ ಸೊಸೆ ಲವೀನಿಯಾಳ ವಂದನೆಗಳು.

ನಿಮ್ಮ ಮೊಮ್ಮಗ ಎಬೆನ್‌ಗೂ ಈ ಪರದೇಶದ ಬಂದರೂರಿನ ಹಳದಿ ಜ್ವರ ಬಂದಿದೆ. ನನಗೆ ನಿದ್ದೆಯಿಲ್ಲ. ಅವನನ್ನೆತ್ತಿಕೊಂಡು ನಿಮ್ಮ ವರ್ಮಾಂಟಿನ ತಂಪಿಗೆ ಬಂದುಬಿಡೋಣವೆಂದು ಬಾಸ್ಟನ್ನಿಗೆ ಹೊರಟ ಹಡಗಿನ ಕಪ್ತಾನನನ್ನು ಬೇಡಿಕೊಂಡೆ.

"ಅಮ್ಮಾವ್ರೇ, ಈ ಬಂದರಲ್ಲಿ ಜ್ವರಾನೇ ಇಲ್ಲ ಅಂತ ನಮ್ಮ ದೇಶದ ರಾಯಭಾರಿ ಸಾಹೇಬ್ರೇ ಹಡಗಿಗೆ ಬರ್ಕೊಟ್ಟಿದ್ದಾರೆ. ಈ ಮಗು ಹತ್ತಿದ್ರೆ ಆ ಕಾಗದ ಸುಳ್ಳಾಗತ್ತೆ. ಬಾಸ್ಟನ್ನಲ್ಲಿ ನಮ್ಮನ್ನ ದಡಕ್ಕೇ ಬಿಡಲ್ಲ" ಎಂದ.

ಹಾಗೆ ಬರೆದುಕೊಟ್ಟ ರಾಯಭಾರಿ ನಿಮ್ಮ ಮಗ. ನಿಜ ಬರೆದರೆ ವರ್ತಕರು ಮುನಿಯುತ್ತಾರೆ, ಬರುವ ಚುನಾವಣೆಯಲ್ಲಿ ನಿನಗೆ ರಾಜ್ಯದ ಶಾಸನಸಭೆಗೆ ಟಿಕೆಟ್ ಸಿಗುವುದಿಲ್ಲ ಎಂದು ಅವರನ್ನು ಎಚ್ಚರಿಸಿದವರು ನೀವು. ನಿಮ್ಮ ಮಗ ಈಗ ತೊಟ್ಟಿಲ ಪಕ್ಕದಲ್ಲಿ ಒದ್ದೆಬಟ್ಟೆ ಹಿಡಿದು ಕೂತಿದ್ದಾರೆ.

ಅತ್ತೆಯವರು ಎಬೆನ್‌ಗೆಂದು ಹೆಣೆಯುತ್ತಿರುವ ಉಣ್ಣೆಯಂಗಿಯನ್ನು ಅಷ್ಟಕ್ಕೇ ನಿಲ್ಲಿಸಲು ಹೇಳಿ. ಈ ಪತ್ರವನ್ನು ಮಾತ್ರ ಕಪ್ತಾನ ಒಯ್ಯುತ್ತಾನಂತೆ.

ನಿಮ್ಮ ಸೊಸೆ,
ಲವೀನಿಯಾ