ಸನ್ನಕ್ಕೆ ಸೋಡ ಒಂದು ಚಿಟಿಕೆ

ಅಲ್ ಬರ್ಷಾ, ದುಬೈ
ಭಾನುವಾರ, 19 ಜನವರಿ 2025

ಪ್ರೀತಿಯ ಮಾರ್ಗರೆಟ್,

ಮೊದಲು ನಿನ್ನ ಮಂಡಿ ಹೇಗಿದೆ ಹೇಳು. ಕುಲಶೇಖರದ ಹೊಸ ಮನೆಗೆ ಹನ್ನೊಂದು ಮೆಟ್ಟಿಲು ಬೇಡ, ಏಳು ಸಾಕು ಎಂದು ಕಟ್ಟಿಸುವಾಗಲೇ ಹೇಳಿದ್ದೆ. ಮುಂಬಾಗಿಲು ಎತ್ತರದಲ್ಲಿದ್ದರೆ ಚಂದ ಎಂದವಳು ನೀನೇ. ಇರಲಿ, ಈಗ ಮೆಟ್ಟಿಲು ಒಡೆಯಲಾಗದು, ಎಣ್ಣೆ ಹಚ್ಚಿಕೊಳ್ಳುವುದನ್ನಾದರೂ ಬಿಡಬೇಡ. ಮಗಳು ಶಾರನ್ ಸರಿಯಾಗಿ ಊಟ ಮಾಡುತ್ತಾಳಾ? ಬಾಣಂತಿ ಹೊತ್ತೂ ಗೊತ್ತೂ ಇಲ್ಲದೆ ಫೋನ್ ಹಿಡಿದು ಕೂರುತ್ತಾಳೆ ಎಂದು ನೀನು ದೂರುತ್ತೀ, ಆದರೆ ಅವಳಿಗೆ ಬೈಯುವ ಅಧಿಕಾರ ನನಗೀಗ ಉಳಿದಿಲ್ಲ. ಯಾಕೆ ಎಂಬುದು ಮುಂದೆ ಗೊತ್ತಾಗುತ್ತದೆ. ಪುಟ್ಟಿಗೆ ನನ್ನದೇ ಮೂಗು ಬಂದಿದೆ ಎಂದು ನೀನು ಹೇಳಿದ ಮೇಲೆ ಅವಳ ಫೋಟೋವನ್ನು ದೊಡ್ಡದು ಮಾಡಿ ಮಾಡಿ ನೋಡಿದೆ. ಹೌದು, ನನ್ನದೇ. ಪಾಪ ಮಗು, ಎರಡೇ ತಿಂಗಳಿಗೆ ಇಷ್ಟು ದೊಡ್ಡ ಭಾರ.

ನಾನು ಆರಾಮಾಗಿದ್ದೇನೆ. ಬಿ.ಪಿ. ಮಾತ್ರೆ ತಪ್ಪಿಸಿಲ್ಲ. ಬೆಳಿಗ್ಗೆ ಇಗರ್ಜಿಗೆ ಹೋಗಿ ಬಂದು, ನಿನ್ನೆಯ ಅನ್ನಕ್ಕೆ ಮೊಸರು ಕಲಸಿ ತಿಂದು, ಊಟದ ಮೇಜಿನ ಮೇಲೆ ಕಾಗದ ಹರಡಿಕೊಂಡು ಕೂತಿದ್ದೇನೆ. ನೀನು ನಗುತ್ತಿರಬಹುದು. ದಿನಕ್ಕೆ ನಾಲ್ಕು ವಾಯ್ಸ್ ಮೆಸೇಜ್ ಕಳಿಸುವ ಮನುಷ್ಯನಿಗೆ ಈಗ್ಯಾಕೆ ಕಾಗದ ಪೆನ್ನು? ಇದಕ್ಕೆ ಎರಡು ಕಾರಣ. ನಿಶ್ಚಿತಾರ್ಥವಾದ ಮೇಲೆ ಒಂದು ವರ್ಷ ನಾನು ಇಲ್ಲಿಂದ ಬರೆದ ಕಾಗದಗಳನ್ನು ನೀನು ಇನ್ನೂ ಸೀರೆಯ ಕೆಳಗೆ ಇಟ್ಟುಕೊಂಡಿದ್ದೀ, ಫೋನಿನ ಮಾತನ್ನು ಹಾಗೆ ಮಡಚಿಡಲು ಆಗುವುದಿಲ್ಲ. ಎರಡನೆಯದು, ಮುಖ್ಯವಾದ ವಿಷಯಗಳಲ್ಲಿ ಆ ಫೋನನ್ನು ನಂಬುವುದನ್ನು ನಾನು ಬಿಟ್ಟಿದ್ದೇನೆ. ಅದು ನನ್ನ ಮರ್ಯಾದೆ ತೆಗೆದ ಕಥೆಯನ್ನೇ ಈಗ ಹೇಳಹೊರಟಿರುವುದು. ಕೆಳಗಿನ ಫಾರ್ಮಸಿಯ ಸವಾದ್ ಈ ಸಂಜೆ ಮಂಗಳೂರಿಗೆ ಹೊರಟಿದ್ದಾನೆ. ನಾಳಿದ್ದರೊಳಗೆ ಕಾಗದ ನಿನ್ನ ಕೈ ಸೇರುತ್ತದೆ. ಜೊತೆಗೆ ಒಂದು ಡಬ್ಬ ಖರ್ಜೂರವೂ ಇದೆ, ಶಾರನ್‌ಗೆ.

ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಮುಚ್ಚಿಟ್ಟರು ಎನ್ನಬೇಡ. ನನ್ನ ಮುಂದೆ ಇದೇ ಮೇಜಿನ ಮೇಲೆ ಶಾಲೆಯ ಒಂದು ಫಾರಂ ಇದೆ. ಪಾಯ್ಸ್ ಸರ್ ಇನ್ನೊಂದು ವರ್ಷ ಮುಂದುವರಿಯಲು ಸಿದ್ಧರಿದ್ದಾರೆಯೇ, ಹೌದು ಅಥವಾ ಇಲ್ಲ ಎಂದು ಗುರುತು ಹಾಕಿ ಗುರುವಾರದೊಳಗೆ ಕೊಡಬೇಕು. ಅಕ್ಟೋಬರಿನಲ್ಲಿ ವಿಮಾನ ನಿಲ್ದಾಣದಲ್ಲಿ ನಿನ್ನ ಸೂಟ್‌ಕೇಸ್ ತೂಕಕ್ಕೆ ಹಾಕುತ್ತಾ "ಮಾರ್ಚಿಗೆ ಖಲಾಸ್, ನಾನೂ ಬಂದೆ" ಎಂದಿದ್ದೆ. "ನಿಮ್ಮ ಖಲಾಸ್ ನನಗೆ ಗೊತ್ತುಂಟು ಮಾರಾಯ್ರೆ, ಆರು ವರ್ಷದಿಂದ ಕೇಳ್ತಾ ಇದ್ದೇನೆ" ಎಂದು ನೀನು ತಿರುಗಿ ನೋಡದೆ ಒಳಗೆ ಹೋದೆ. ಆ ಮಾತು ನನಗೆ ನೆನಪಿದೆ. ಈಗ ನೀನು ಕುರ್ಚಿಯಿಂದ ಎದ್ದಿರುತ್ತೀ. ಕೂತುಕೋ, ಮಂಡಿ ನೋಯುತ್ತದೆ. ಪೂರ್ತಿ ಓದಿ ಆಮೇಲೆ ಬೈದುಬಿಡು.

ನೀನು ಹೋದ ವಾರವೇ ಅರ್ಧವಾರ್ಷಿಕ ಪರೀಕ್ಷೆಯ ಫಲಿತಾಂಶ ಬಂತು. ನನ್ನ ಹತ್ತನೇ ತರಗತಿಯ ಮೂವತ್ತನಾಲ್ಕು ಮಕ್ಕಳಲ್ಲಿ ಹನ್ನೊಂದು ಮಂದಿ ಕೆಮಿಸ್ಟ್ರಿಯಲ್ಲಿ ಫೇಲ್. ಇಷ್ಟು ವರ್ಷದಲ್ಲಿ ಹೀಗಾದದ್ದಿಲ್ಲ. ನಿನಗೆ ಆಗ ಹೇಳಲಿಲ್ಲ, ಶಾರನ್‌ದೇ ಚಿಂತೆ ನಿನಗೆ ಸಾಕಷ್ಟಿತ್ತು. ನಮ್ಮ ಸೂಪರ್‌ವೈಸರ್ ಹಫೀಝಾ ಮೇಡಂ ನನ್ನನ್ನು ಕರೆದು ಚಹಾ ಕೊಟ್ಟು, "ಸರ್, ಮಕ್ಕಳು ಎಲ್ಲಿದ್ದಾರೋ ಅಲ್ಲಿಗೆ ನಾವು ಹೋಗಬೇಕು" ಎಂದರು. ಮಕ್ಕಳು ಕ್ಲಾಸಿನಲ್ಲೇ ಇದ್ದಾರಲ್ಲ ಎಂದೆ. "ಕ್ಲಾಸಲ್ಲಿ ಅವರ ಬ್ಯಾಗ್ ಮಾತ್ರ ಇರ್ತದೆ ಸರ್, ಮನಸ್ಸು ಫೋನಲ್ಲಿ" ಎಂದರು. ಸಿಟ್ಟು ಬಂತು, ಆದರೆ ಮಾತು ಸುಳ್ಳಾಗಿರಲಿಲ್ಲ. ನಮ್ಮ ಶಾಲೆಯ ಸೋಶಿಯಲ್ ಮೀಡಿಯ ಎಂದರೆ ಅಲ್ಲಿಯವರೆಗೆ ಏನಿತ್ತು? ಟೀಚರ್‌ಗಳ ಹುಟ್ಟುಹಬ್ಬದ ಕೇಕು, ವಾರ್ಷಿಕೋತ್ಸವದ ಡ್ಯಾನ್ಸು, ಪ್ರಿನ್ಸಿಪಾಲರು ಕೈಕುಲುಕುವ ಫೋಟೋ. ನಾನು ಫೋನಿನಲ್ಲಿರುವ ಕ್ಲಾಸಿನ ಗುಂಪಿಗೆ ಒಮ್ಮೆ ಹದಿನೆಂಟು ಪುಟದ ನೋಟ್ಸ್ ಹಾಕಿದ್ದೆ. ಹದಿನೆಂಟೂ ತಲೆಕೆಳಗಾಗಿದ್ದವಂತೆ. ಎರಡು ವಾರ ಯಾರೂ ಹೇಳಲಿಲ್ಲ, ಯಾಕೆಂದರೆ ಯಾರೂ ತೆರೆದೇ ಇರಲಿಲ್ಲ.

ಹಾಗಿರುವಾಗ ಒಂದು ಶನಿವಾರ ಮೀನಿನ ಸಾರು ನನ್ನ ಬಿಳಿ ಅಂಗಿಯ ಮೇಲೆ ಚೆಲ್ಲಿತು. ಅದೇ, ನೀನು ಈಸ್ಟರ್‌ಗೆ ಕೊಡಿಸಿದ್ದು. ಗಾಬರಿಯಲ್ಲಿ ಸಾಬೂನು ಉಜ್ಜಿದೆ, ಹಳದಿ ಕಲೆ ರಕ್ತಗೆಂಪಾಯಿತು. ಲಿಂಬೆ ಹಿಂಡಿದೆ, ಮತ್ತೆ ಹಳದಿ. ಸಿಂಕಿನ ಮುಂದೆ ನಿಂತು ಒಬ್ಬನೇ ನಕ್ಕೆ ಮಾರ್ಗರೆಟ್. ಆಮ್ಲ, ಪ್ರತ್ಯಾಮ್ಲ, ಅವುಗಳನ್ನು ಗುರುತಿಸುವ ಅರಿಶಿನ, ಹದಿನೆಂಟು ಪುಟದಲ್ಲಿ ಬರೆದದ್ದೆಲ್ಲ ನನ್ನ ಹೊಟ್ಟೆಯ ಮೇಲೇ ನಡೆಯುತ್ತಿತ್ತು. ಫೋನನ್ನು ನಿನ್ನ ಅಕ್ಕಿ ಡಬ್ಬಕ್ಕೆ ಒರಗಿಸಿ, ಕೈ ಮತ್ತು ಅಂಗಿ ಮಾತ್ರ ಕಾಣುವಂತೆ ಎರಡು ನಿಮಿಷದ ವೀಡಿಯೊ ಮಾಡಿ ಗುಂಪಿಗೆ ಹಾಕಿದೆ. ಯಾಕೆ ಹೀಗಾಯಿತು ಎಂಬುದನ್ನು ಹೇಳಲಿಲ್ಲ, ನೀವೇ ಹೇಳಿ ಎಂದೆ. ಸೋಮವಾರ ಏಳು ಮಕ್ಕಳು ತಮ್ಮ ಯೂನಿಫಾರ್ಮ್ ಹಾಳು ಮಾಡಿಕೊಂಡು ಬಂದರು, ಇಬ್ಬರು ತಾಯಂದಿರು ನನಗೆ ಫೋನ್ ಮಾಡಿ ಬೈದರು. ಅಂಗಿಯೂ ಹೋಯಿತು, ಅದನ್ನು ಇಲ್ಲಿಯೇ ಒಪ್ಪಿಕೊಳ್ಳುತ್ತೇನೆ. ಆದರೆ ಪಾಠ ಉಳಿಯಿತು.

ಆಮೇಲೆ ನಿನ್ನ ಅಡುಗೆಮನೆ ನನ್ನ ಲ್ಯಾಬ್ ಆಯಿತು. ವಾರಕ್ಕೆ ಎರಡು ವೀಡಿಯೊ, ಎರಡು ನಿಮಿಷಕ್ಕಿಂತ ಹೆಚ್ಚಿಲ್ಲ. ಹುಣಸೆಹಣ್ಣು ಹಚ್ಚಿದ ತಾಮ್ರದ ಚೊಂಬು, ಕುದಿಯುವ ಹಾಲು, ತುಕ್ಕು ಹಿಡಿದ ನಿನ್ನ ತುರಿಮಣೆ, ಎಲ್ಲವೂ ನಟರಾದವು. ಮೇಡಂ ಜೊತೆ ಕೂತು ನಾನೇ ನಿಯಮ ಬರೆದೆ. ಗುಂಪಿನಲ್ಲಿ ಮೇಡಂ ಇರಬೇಕು, ಮನೆಯವರೂ ಇರಬೇಕು. ರಾತ್ರಿ ಎಂಟಕ್ಕೆ ಗುಂಪು ಬಂದ್. ಯಾರ ಪ್ರಶ್ನೆಗೂ ಯಾರೂ ನಗುವಂತಿಲ್ಲ, ಪ್ರಶ್ನೆ ಯಾವ ಭಾಷೆಯಲ್ಲಿದ್ದರೂ ಸರಿ. ಎಲ್ಲಕ್ಕಿಂತ ದೊಡ್ಡದು ಮೊದಲನೇ ನಿಯಮ: ಯಾರದೇ ಮುಖ, ಯಾರದೇ ಧ್ವನಿ, ಅವರನ್ನು ಕೇಳದೆ ಹಾಕುವಂತಿಲ್ಲ. ಅದನ್ನು ಬೋರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು, ಕೆಳಗೆ ಎರಡು ಗೆರೆ ಎಳೆದೆ. ಬಹಳ ಜಂಬದಿಂದಲೇ ಎಳೆದೆ.

ಈಗ ನನ್ನ ಮರ್ಯಾದೆ ಹೋದ ಕಥೆ. ಡಿಸೆಂಬರಿನಲ್ಲಿ ಕ್ರಿಸ್ಮಸ್‌ಗೆ ಅಕ್ಕಿಯ ಹುಳಿಹಿಟ್ಟನ್ನು ಹಬೆಯಲ್ಲಿ ಬೇಯಿಸಿ ಸನ್ನ ಮಾಡುವುದು ಹೇಗೆ ಎಂದು ನಿನ್ನನ್ನು ಕೇಳಿದ್ದೆನಲ್ಲ, ನೀನು ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಉದ್ದದ ವಾಯ್ಸ್ ಮೆಸೇಜ್ ಕಳಿಸಿದ್ದೆ. ನೀನು ಸಮಾಧಾನದಲ್ಲಿದ್ದಾಗ ಕೊಂಕಣಿ ಮಾತಾಡುತ್ತೀ, ನನಗೆ ಬೈಯುವಾಗ ಕನ್ನಡಕ್ಕೆ ಬರುತ್ತೀ. ಇದು ಶುದ್ಧ ಕನ್ನಡದಲ್ಲೇ ಇತ್ತು. "ಸೋಡ ಒಂದು ಚಿಟಿಕೆ, ಒಂದೇ. ಜಾಸ್ತಿ ಹಾಕಿದ್ರೆ ಸನ್ನ ಹಳದಿ ಆಗ್ತದೆ, ಸಾಬೂನು ತಿಂದ ಹಾಗೆ ಆಗ್ತದೆ. ಇಷ್ಟು ವರ್ಷ ಕೆಮಿಸ್ಟ್ರಿ ಕಲಿಸಿದವರಿಗೆ ಇದನ್ನು ನಾನು ಹೇಳಬೇಕಾ? ಮಕ್ಕಳು ಫೇಲಾಗದೆ ಇನ್ನೆಂತ ಆಗ್ತಾರೆ ಮಾರಾಯ್ರೆ!" ಹನ್ನೊಂದು ಮಂದಿಯ ವಿಷಯ ನಿನಗೆ ಶಾರನ್ ಹೇಳಿದ್ದಳೋ, ನೀನೇ ಊಹಿಸಿದೆಯೋ, ದೇವರಿಗೇ ಗೊತ್ತು. ಸವಾದನಿಗೂ ಸನ್ನ ಕಲಿಯುವ ಆಸೆ, ಅವನ ಹೆಂಡತಿಯೂ ಊರಲ್ಲಿದ್ದಾಳೆ. ಅವನಿಗೆ ಕಳಿಸೋಣ ಎಂದು ಒತ್ತಿದೆ, ಮಧ್ಯಾಹ್ನದ ನಿದ್ದೆಗೆ ಹೋದೆ. ಫೋನಿನ ಪಟ್ಟಿಯಲ್ಲಿ ಅವನ ಹೆಸರಿನ ಮೇಲೆಯೇ ಕ್ಲಾಸಿನ ಗುಂಪಿತ್ತು, ಬೆರಳು ಬಿದ್ದದ್ದು ಅದರ ಮೇಲೆ. ಎದ್ದು ನೋಡಿದರೆ ಮೂವತ್ತನಾಲ್ಕು ಮಕ್ಕಳೂ, ಅವರ ಮನೆಯವರೂ, ಹಫೀಝಾ ಮೇಡಂ ಕೂಡ ನಿನ್ನ ಬೈಗುಳ ಕೇಳಿ ಮುಗಿಸಿದ್ದರು.

ಆದರೆ ಯಾರಿಗೂ ಅರ್ಥವಾಗಿರಲಿಲ್ಲ. ನಮ್ಮ ಕ್ಲಾಸಿನಲ್ಲಿ ಹೆಚ್ಚಿನವರು ಮಲಯಾಳಿಗಳು, ಉಳಿದವರು ಉತ್ತರದ ಕಡೆಯವರು. "ಸರ್, ವಾಟ್ ಈಸ್ ಆಂಟಿ ಸೇಯಿಂಗ್? ವೈ ಸೋ ಆ್ಯಂಗ್ರಿ?" ಎಂದು ಸಾಲುಸಾಲು ಪ್ರಶ್ನೆ. ಅವುಗಳ ಕೆಳಗೆ ಒಂದು ಉತ್ತರವಿತ್ತು, ಶೈಮಾಳದ್ದು. ಶೈಮಾ ಯಾರು ಎಂದು ಹೇಳಬೇಕು. ಉಪ್ಪಿನಂಗಡಿಯ ಬ್ಯಾರಿ ಹುಡುಗಿ, ತಂದೆಗೆ ರುವೈಸ್‌ನ ರಿಫೈನರಿಯಲ್ಲಿ ಕೆಲಸ, ತಾಯಿ ಮಕ್ಕಳು ದುಬೈಯಲ್ಲಿ. ಒಂಬತ್ತರವರೆಗೆ ಊರಿನ ಕನ್ನಡ ಶಾಲೆಯಲ್ಲಿ ಓದಿ ಕಳೆದ ಏಪ್ರಿಲ್‌ನಲ್ಲಷ್ಟೇ ಇಲ್ಲಿಗೆ ಬಂದವಳು. ಇಂಗ್ಲಿಷ್ ತಡವರಿಸುತ್ತದೆ ಎಂದು ಎಂಟು ತಿಂಗಳು ಬಾಯೇ ಬಿಟ್ಟಿರಲಿಲ್ಲ. ಅರ್ಧವಾರ್ಷಿಕದಲ್ಲಿ ಎಂಬತ್ತಕ್ಕೆ ಹತ್ತೊಂಬತ್ತು. ದಡ್ಡಿ ಎಂದುಕೊಂಡಿದ್ದೆ, ನನಗೆ ನಾಚಿಕೆಯಾಗುತ್ತದೆ. ಅವಳು ನಿನ್ನ ಮಾತನ್ನು ಸಾಲುಸಾಲಾಗಿ ತನ್ನ ಮುರುಕು ಇಂಗ್ಲಿಷಿನಲ್ಲಿ ಬರೆದಿದ್ದಳು, ಕೊನೆಯ ಬೈಗುಳವನ್ನು ಮಾತ್ರ ಮೇಷ್ಟ್ರ ಮೇಲಿನ ಗೌರವದಿಂದ ಬಿಟ್ಟಿದ್ದಳು. ಇಡೀ ಕ್ಲಾಸಿಗೆ ಗೊತ್ತಿಲ್ಲದ್ದು ತನಗೊಬ್ಬಳಿಗೇ ಗೊತ್ತು ಎಂಬುದು ಅವಳಿಗೆ ಈ ದೇಶದಲ್ಲಿ ಅದೇ ಮೊದಲು. ಅದರ ಬೆನ್ನಿಗೇ ಕನ್ನಡದಲ್ಲೊಂದು ವಾಯ್ಸ್ ಮೆಸೇಜ್, ಹೆದರುತ್ತಾ ಹೆದರುತ್ತಾ: "ಸರ್, ಹಿಟ್ಟಿನ ಹುಳಿ ಮುಗಿದ ಮೇಲೆ ಸೋಡ ಉಳೀತದಲ್ಲ, ಅದಕ್ಕೆ ಸಾಬೂನಿನ ರುಚಿ ಬರುದಾ? ಹಳದಿ ಆಗುದು ನಿಮ್ಮ ಅಂಗಿ ಕೆಂಪಾದ ಹಾಗೆಯಾ?" ಮಾರ್ಗರೆಟ್, ನಾನು ಹಾಸಿಗೆಯ ಮೇಲೆ ಎದ್ದು ಕೂತುಬಿಟ್ಟೆ. ಅಷ್ಟು ಚಂದದ ಪ್ರಶ್ನೆಯನ್ನು ನನಗೆ ಯಾರಾದರೂ ಕೇಳಿ ಹತ್ತು ವರ್ಷವಾಗಿರಬೇಕು. ಕಣ್ಣು ಒದ್ದೆಯಾಯಿತು, ಸುಳ್ಳು ಹೇಳುವುದಿಲ್ಲ.

ಮರುದಿನ ಕ್ಲಾಸಿಗೆ ಕಾಲಿಟ್ಟರೆ ಬೋರ್ಡಿನ ಮೇಲೆ ನನ್ನದೇ ಮೊದಲನೇ ನಿಯಮ, ಕೆಳಗೆ ಯಾರೋ ಮೂರನೇ ಗೆರೆ ಎಳೆದಿದ್ದರು. "ಸರ್, ಡಿಡ್ ಯೂ ಆಸ್ಕ್ ಆಂಟಿ?" ಇಲ್ಲ, ಕೇಳಿರಲಿಲ್ಲ. ಎಲ್ಲರ ಮುಂದೆ ತಪ್ಪಾಯಿತು ಎಂದೆ, ನಿನ್ನ ಧ್ವನಿಯನ್ನು ಅಲ್ಲೇ ಅಳಿಸಿದೆ. ಕ್ಲಾಸಿನಲ್ಲಿ ಶೋಕಾಚರಣೆ. ಅಂದಿನಿಂದ ಒಂದೇ ಹಟ, ಆಂಟಿಯ ಹತ್ತಿರ ಕೇಳಿ, ಆಂಟಿ ವಾಪಸ್ ಬರಲಿ. ನಿನಗೆ ಹೇಳಲು ಇಷ್ಟು ದಿನ ಧೈರ್ಯ ಬರಲಿಲ್ಲ. ಕಳೆದ ವಾರ ಪ್ರಿ-ಬೋರ್ಡ್ ಪರೀಕ್ಷೆಯ ಅಂಕ ಬಂದಿದೆ. ಫೇಲಾದವರು ಇಬ್ಬರೇ, ಆ ಇಬ್ಬರೂ ದಿನಾ ಪ್ರಶ್ನೆ ಕಳಿಸುತ್ತಿದ್ದಾರೆ. ಶೈಮಾಳಿಗೆ ಐವತ್ತೆಂಟು. ಎಲ್ಲವೂ ಫೋನಿನಿಂದಾಯಿತು ಎಂದು ನಾನು ಹೇಳಲಾರೆ, ಮಕ್ಕಳು ಕೂತು ಓದಿದ್ದಾರೆ. ಆದರೆ ಕ್ಲಾಸಿನಲ್ಲಿ ಕೈ ಎತ್ತಲು ನಾಚುವವರಿಗೆ ಪ್ರಶ್ನೆ ಕೇಳಲು ಒಂದು ಜಾಗ ಸಿಕ್ಕಿತು, ಅದು ಮಾತ್ರ ನಿಜ. ಈಗ ಒಂಬತ್ತರಲ್ಲಿರುವ ಮಕ್ಕಳು ಕಾರಿಡಾರಿನಲ್ಲಿ ತಡೆದು, ಮುಂದಿನ ವರ್ಷ ನಮಗೂ ನೀವೇ ಅಲ್ಲವಾ ಎಂದು ಕೇಳುತ್ತಾರೆ. ಅದಕ್ಕೇ ಫಾರಂ ಬಂದದ್ದು. ಐವತ್ತೆಂಟನೇ ವಯಸ್ಸಿನಲ್ಲಿ ನಾನು ಬೇಕು ಎಂದು ಇಷ್ಟು ಮಂದಿ ಹೇಳುವುದು ಎಷ್ಟು ರುಚಿ ಗೊತ್ತಾ? ಹೌದು ಎಂದು ಬರೆಯಲು ಪೆನ್ನು ತೆಗೆದು ಎರಡು ಸಲ ಮುಚ್ಚಳ ಹಾಕಿದೆ. ನೀನು ಹನ್ನೊಂದು ಮೆಟ್ಟಿಲನ್ನು ಒಬ್ಬಳೇ ಹತ್ತುವುದು ಕಣ್ಣ ಮುಂದೆ ಬರುತ್ತದೆ, ಮಕ್ಕಳ ಮುಖವೂ ಬರುತ್ತದೆ. ಎರಡನ್ನೂ ಮುಚ್ಚಿಡದೆ ಬರೆದಿದ್ದೇನೆ.

ಶಾರನ್‌ಗೂ ಅಳಿಯನಿಗೂ ನನ್ನ ನೆನಪುಗಳನ್ನು ಹೇಳು. ಪುಟ್ಟಿಯ ಹಣೆಯ ಮೇಲೆ ನನ್ನ ಪರವಾಗಿ ಒಂದು ಶಿಲುಬೆ ಹಾಕು, ಮೂಗಿಗೆ ಒಂದು ಮುತ್ತು ಕೊಡು. ದೇವ್ ಬರೆಂ ಕರುಂ, ದೇವರು ಒಳ್ಳೆಯದು ಮಾಡಲಿ.

ನಿನ್ನ ಬೈಗುಳದ ಹಳೆಯ ವಿದ್ಯಾರ್ಥಿ,
ಪಾಯ್ಸ್

ಮರೆತ ಮಾತು: ಸವಾದ್ ಕೆಳಗೆ ಟ್ಯಾಕ್ಸಿ ನಿಲ್ಲಿಸಿಕೊಂಡು ಯಲ್ಲಾ ಯಲ್ಲಾ ಎಂದು ಕೂಗುತ್ತಿದ್ದಾನೆ, ಬೇಗ ಬರೆಯುತ್ತೇನೆ. ಮರೆತದ್ದಲ್ಲ, ಬೇಕೆಂದೇ ಕೊನೆಗೆ ಇಟ್ಟದ್ದು. ಈ ಕಾಗದಕ್ಕೆ ಕೂರುವ ಮೊದಲೇ ಫಾರಂ ತುಂಬಿಸಿ ಆಗಿದೆ. "ಇಲ್ಲ" ಎಂದು. ಇಷ್ಟು ಪುಟ ಬರೆಯುವಾಗ ಮನಸ್ಸು ಬದಲಾಗುತ್ತದೋ ಎಂದು ಪರೀಕ್ಷೆ ಮಾಡಿ ನೋಡಿದೆ, ಆಗಲಿಲ್ಲ. ಮೊನ್ನೆ ಗುರುವಾರ ಫಾರಂ ಮುಂದಿಟ್ಟುಕೊಂಡು ಲ್ಯಾಬಿನಲ್ಲಿ ಸಪ್ಪಗೆ ಕೂತಿದ್ದಾಗ ಶೈಮಾ ಕೇಳಿದಳು, "ಸರ್, ನೀವು ಹೇಗೂ ನಮಿಗೆ ಫೋನಲ್ಲೇ ಬರುದಲ್ಲ. ಮಂಗಳೂರಿಂದ ಬಂದ್ರೆ ಎಂತ ಆಗ್ತದೆ?" ಮೊದಲು ಚುಚ್ಚಿತು, ಆಮೇಲೆ ಹಗುರವಾಯಿತು. ಮೇಡಂ ಕೂಡ ಒಪ್ಪಿದ್ದಾರೆ, ವಾರಕ್ಕೆ ಎರಡು ವೀಡಿಯೊ ಊರಿನಿಂದಲೇ. ಮಾರ್ಚ್ 29ರ ಟಿಕೆಟ್ ಆಗಿದೆ, ಊರಿಗೆ ಹೋಗುವುದು ಮಾತ್ರ, ವಾಪಸ್ಸಿನದಿಲ್ಲ. ಈಗ ನಿಯಮದ ಪ್ರಕಾರ ಎರಡು ಅಪ್ಪಣೆ ಕೇಳಬೇಕು. ನಿನ್ನ ಧ್ವನಿಯನ್ನು ಮಕ್ಕಳಿಗೆ ಹಾಕಬಹುದಾ? ಹೊಸ ಅಡುಗೆಮನೆಯ ಕಿಟಕಿಯ ಹತ್ತಿರ, ಬೆಳಕು ಇರುವಲ್ಲಿ, ನನಗೆ ಎರಡು ಅಡಿ ಜಾಗ ಕೊಡುತ್ತೀಯಾ? ಎರಡಕ್ಕೂ ನೀನು ಬೇಡ ಎನ್ನಬಹುದು, ನಾನು ಒಪ್ಪಿಕೊಳ್ಳುತ್ತೇನೆ. ಬರುವುದಕ್ಕೆ ಮಾತ್ರ ಅಪ್ಪಣೆ ಕೇಳುತ್ತಿಲ್ಲ.