ಕೊಕ್ಕೆ ಇಲ್ಲದ ಗಾಳ

ಮಾರ್ಚ್ 3, ಭಾನುವಾರ

ಮತ್ತೆ ಅದೇ ಕೆರೆ. ಟಿಕೆಟ್ ತಗೊಂಡು, ಮಡಚುವ ಕುರ್ಚಿ ಹಾಕಿ, ಇವರನ್ನು ಕೂರಿಸಿ, ಎಡಗೈಗೆ ಬಿದಿರಿನ ಗಾಳದ ಕೋಲು ಕೊಟ್ಟೆ. ಸ್ಟ್ರೋಕ್ ಆದಮೇಲೆ ಬಲಗೈ ಬರೀ ಹೆಸರಿಗೆ. ವಾರಕ್ಕೊಮ್ಮೆ ಮನೆಯಿಂದ ಹೊರಬರುತ್ತಾರಲ್ಲ, ಅಷ್ಟೇ ಸಾಕು ಎಂದುಕೊಂಡಿದ್ದೆ. ಕೊಕ್ಕೆ ಇವರ ಹೆಬ್ಬೆರಳಿಗೆ ಚುಚ್ಚಿತು. ರಕ್ತ ತೆಳುಮಾಡುವ ಮಾತ್ರೆ ಬೇರೆ... ಟವೆಲ್ ಪೂರ್ತಿ ಕೆಂಪು. ಡಾಕ್ಟರ್ ನನಗೇ ಬೈದರು. “ಏನಮ್ಮಾ, ಮೀನು ಬೇಕೋ, ಗಂಡ ಬೇಕೋ?”

ಮಾರ್ಚ್ 10

ಇವರು ಮಲಗಿದ್ದಾಗ ಕೊಕ್ಕೆ ಕತ್ತರಿಸಿ ಎಸೆದೆ. ದಾರದ ತುದಿಗೆ ಹಿಟ್ಟಿನ ಉಂಡೆ ಮಾತ್ರ. ಅದನ್ನು ಕಟ್ಟುವುದು ಹೇಗೂ ನನ್ನ ಕೆಲಸ. ಸಂಜೆತನಕ ನೀರಲ್ಲಿ ತೇಲುವ ಬೆಂಡು ನೋಡುತ್ತ ಕೂತರು, ಪಾಪ.

ಮಾರ್ಚ್ 24

ಇವತ್ತೂ ಏನಿಲ್ಲ. ಪಕ್ಕದವರು ಬಕೆಟ್ ತುಂಬಿಸಿಕೊಂಡು ಹೋದರು. ಇವರು ನಗುತ್ತಲೇ, “ಮೀನಿಗೂ ಗೊತ್ತಾಗ್ಬಿಟ್ಟಿದೆ ಕಣೇ, ಇವನ ಕೈಲಿ ಏನೂ ಆಗಲ್ಲ ಅಂತ” ಎಂದರು. ಹೇಳಿಬಿಡಲೇ? ಇನ್ನೊಂದು ಉಂಡೆ ಕಟ್ಟಿಕೊಟ್ಟೆ. ವಾಪಸ್ ಬರುವಾಗ ಕಾರಿನಲ್ಲಿ ಇವರು — “ಇನ್ನು ಸಾಕು. ಕೋಲು ಯಾರಿಗಾದ್ರೂ ಕೊಟ್ಬಿಡು.”

ಮನೆಗೆ ಬಂದವರೇ ಗೋಡೆಗೆ ಮುಖ ಮಾಡಿ ಮಲಗಿದ್ದಾರೆ. ವಾರಪೂರ್ತಿ ಹೀಗೇ ಇದ್ದರೆ ನಾನೇನು ಮಾಡಲಿ?

ಮಾರ್ಚ್ 31

ಕಾಡಿ ಬೇಡಿ ಹೊರಡಿಸಿದೆ. ಕೆರೆಯ ಕಾವಲುಗಾರನ ಹತ್ತಿರ ಗುಟ್ಟಾಗಿ ಹೊಸ ಕೊಕ್ಕೆ ಕಟ್ಟಿಸಿದೆ. “ಇಷ್ಟು ದಿನ ಮೀನಿಗೆ ಪುಗಸಟ್ಟೆ ಊಟ ಹಾಕ್ತಿದ್ರಾ ಅಮ್ಮಾ?” ಎಂದ. ನಗು ಬರಲಿಲ್ಲ.

ಕೂತು ಸ್ವಲ್ಪ ಹೊತ್ತು, ಅಷ್ಟೇ — ಬೆಂಡು ಮುಳುಗಿತು. “ಬಂತು ಕಣೇ! ಬಂತು!” ಆ ಮುಖ... ಎಷ್ಟು ತಿಂಗಳಾಗಿತ್ತು ನೋಡಿ! ಹಿಡಿಯಲು ಹೋದರೆ “ಮುಟ್ಬೇಡ!” ಎಂದು ಗದರಿದರು. ಮುಟ್ಟಲಿಲ್ಲ. ಇವರ ಬೆರಳುಗಳು ಒಂದೊಂದಾಗಿ ಸೋತವು. ಕೋಲು ನೀರಿಗೆ.

ಕೆರೆಯ ಮಧ್ಯೆ ಕೋಲು ಅತ್ತಿತ್ತ ಓಡಾಡುತ್ತಿತ್ತು. ಮೀನು ಎಳೆಯುತ್ತಲೇ ಇತ್ತು. ದೋಣಿ ಇಲ್ಲವಂತೆ. ಗೇಟು ಹಾಕುವವರೆಗೂ ಇವರು ಕಣ್ಣು ಕೀಳಲಿಲ್ಲ. ಥೂ, ಯಾಕಾದರೂ ಕಟ್ಟಿಸಿದೆನೋ!

ಏಪ್ರಿಲ್ 1

ಎದ್ದ ತಕ್ಷಣ ಇವರದು ಹಟ. ಹೋದೆವು. ಕೋಲು ದಡದ ಹುಲ್ಲಿಗೆ ಬಂದು ನಿಂತಿತ್ತು, ಅಲ್ಲಾಡದೆ.

ಕೈಗೆತ್ತಿಕೊಂಡೆ. ಹಿಂದಿನಿಂದ ಮೆಲ್ಲಗೆ ಕೇಳಿದರು.

“ಈ ಸಲವಾದ್ರೂ ಕೊಕ್ಕೆ ಹಾಕಿದ್ಯಾ?”

ಅಯ್ಯೋ. ಗೊತ್ತಿತ್ತು ಇವರಿಗೆ. ತಿರುಗಿ ನೋಡಲು ಧೈರ್ಯವಾಗಲಿಲ್ಲ. ದಾರ ಎಳೆದೆ. ಭಾರವಾಗಿತ್ತು, ಜೀವದ ಸುಳಿವಿಲ್ಲ. ಇವರು ಎಡಗೈ ಚಾಚಿ, “ತಾ ಇಲ್ಲಿ, ನಾನೇ ಎಳೀತೀನಿ. ಮೀನು ಇನ್ನೂ ಇದ್ಯಾ?” ಎಂದರು. ನಾನು “ಗೊತ್ತಿಲ್ಲ, ನೀವೇ ನೋಡಿ” ಎಂದು ಕೋಲನ್ನು ಇವರ ಕೈಗೆ ಕೊಟ್ಟೆ.